ಕಾರವಾರದ ಮಳೆಗಾಲದಲ್ಲಿ ಒಂದು ಸಲ್ಕಾಟಾ ಆಮೆ: ಗೂಡಿನ ಹಾಸಿನ ಪ್ರಕರಣ ಅಧ್ಯಯನ

ಆಮೆ ಸಲ್ಕಾಟಾ ಜಾತಿಯದ್ದು. ವಯಸ್ಸು ಎರಡು ವರ್ಷ ದಾಟಿದೆ. ಬೆನ್ನಿನ ಚಿಪ್ಪಿನ ಉದ್ದ 16 ಸೆಂ.ಮೀ., ತೂಕ 780 ಗ್ರಾಂ. ಸಾಕಿದವರು ಬಳ್ಳಾರಿಯಿಂದ ಕಾರವಾರಕ್ಕೆ ವರ್ಗವಾಗಿ ಬಂದ ಗಂಡ-ಹೆಂಡತಿ. ಬಂದಿದ್ದು ಏಪ್ರಿಲ್‌ನಲ್ಲಿ, ಆಮೆಯನ್ನು ನನ್ನ ಹತ್ತಿರ ತಂದಿದ್ದು ಜುಲೈ ಕೊನೆಗೆ. "ಊಟ ಬಿಟ್ಟಿದೆ ಡಾಕ್ಟ್ರೇ, ಮೂಗಲ್ಲಿ ಗುಳ್ಳೆ ಬರ್ತಿದೆ. ಹೊಟ್ಟೆ ಕಡೆ ಏನೋ ವಾಸನೆ" ಎಂದರು ಹೆಂಡತಿ.

ನನ್ನಂಥ ಪಶುವೈದ್ಯರು ಈ ಕಡೆ ನೋಡುವುದು ಜಾಸ್ತಿ ಹಸು, ಎಮ್ಮೆ, ನಾಯಿ. ಅಪರೂಪಕ್ಕೆ ಆಮೆ ಬಂದರೆ ಮೊದಲು ಜಾತಿ ನೋಡುತ್ತೇನೆ, ಆಮೇಲೆ ಕಾಗದ ಕೇಳುತ್ತೇನೆ. ನಕ್ಷತ್ರ ಆಮೆಯಾಗಿದ್ದರೆ ಹಾಸಿನ ಮಾತೇ ಬರುವುದಿಲ್ಲ. 2022ರ ತಿದ್ದುಪಡಿಯ ನಂತರ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಅಂಥ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಅರಣ್ಯ ಇಲಾಖೆಗೆ ಒಪ್ಪಿಸುವುದು ಬಿಟ್ಟು ಬೇರೆ ದಾರಿ ಇಲ್ಲ. ನಮ್ಮ ಕಾಡಲ್ಲಿ, ಹೊಳೆಯಲ್ಲಿ, ಸಮುದ್ರದ ದಂಡೆಯಲ್ಲಿ ಸಿಕ್ಕ ಆಮೆಯನ್ನೂ ಮನೆಗೆ ತರಬಾರದು. ಸಲ್ಕಾಟಾ ಆಫ್ರಿಕಾದ್ದು. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ ಇರುವುದರಿಂದ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಇವರದ್ದು ಆಗಿತ್ತು. ಹಾಗಾಗಿ ಮುಂದಿನ ಮಾತು.

ಗೂಡಿನಲ್ಲಿ ಏನಿತ್ತು

ಬಳ್ಳಾರಿಯಲ್ಲಿ ಈ ಆಮೆ ಮರದ ಪೆಟ್ಟಿಗೆಯಲ್ಲಿ, ಒಣ ಕೆಂಪು ಮಣ್ಣಿನ ಮೇಲೆ ಬೆಳೆದಿತ್ತು. ಬೆನ್ನಿನ ಚಿಪ್ಪಿನ ಬಿಲ್ಲೆಗಳು ಒಂದೊಂದೂ ಸ್ವಲ್ಪ ಮೇಲಕ್ಕೆ ಉಬ್ಬಿದ್ದವು. ಮರಿಯಾಗಿದ್ದಾಗ ತೇವ ಕಡಿಮೆಯಾದರೆ ಹೀಗಾಗುತ್ತದೆ. ತುಂಬ ಕಾಲ ಇದಕ್ಕೆ ಪ್ರೋಟೀನ್ ಜಾಸ್ತಿಯಾದದ್ದೇ ಕಾರಣ ಅಂತ ನಂಬಿದ್ದರು. 2003ರಲ್ಲಿ ಸಲ್ಕಾಟಾ ಮರಿಗಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಪ್ರೋಟೀನಿಗಿಂತ ಒಣ ಗಾಳಿಯ ಪಾತ್ರವೇ ದೊಡ್ಡದು ಅನ್ನುವುದು ಅದರಲ್ಲಿ ಕಂಡಿತು.

ಕಾರವಾರಕ್ಕೆ ಬಂದಾಗ ಮರದ ಪೆಟ್ಟಿಗೆ ಮುರಿದಿತ್ತು. ದೊಡ್ಡ ಪ್ಲಾಸ್ಟಿಕ್ ಟಬ್ ತಂದರು. ಮರುಭೂಮಿ ಅಂಚಿನ ಪ್ರಾಣಿ, ಮನೆ ಪಕ್ಕದಲ್ಲೇ ಸಮುದ್ರ. ದಂಡೆಯ ಮರಳು ತಂದು ತುಂಬಿದರು. ಜೂನ್ ಹೊತ್ತಿಗೆ ಚಿಪ್ಪು ಉಬ್ಬಿದ್ದು ಕಣ್ಣಿಗೆ ಬಿತ್ತು. ಇಂಟರ್‌ನೆಟ್ಟಿನಲ್ಲಿ ಓದಿದರು: ತೇವ ಬೇಕು, ತೆಂಗಿನ ನಾರಿನ ಪುಡಿ ಹಾಕಿ, ದಿನಕ್ಕೆ ಎರಡು ಸಲ ನೀರು ಸಿಂಪಡಿಸಿ, ಮೇಲೆ ಮುಚ್ಚಳ ಮುಚ್ಚಿ. ಮರಳಿನ ಮೇಲೇ ಕೊಕೊಪೀಟ್ ಸುರಿದರು. ಹೇಳಿದ್ದನ್ನೆಲ್ಲ ಮಾಡಿದರು.

ಆ ಸಲಹೆ ಸುಳ್ಳೇನಲ್ಲ. ಆದರೆ ಅದು ಹುಟ್ಟಿದ್ದು ಚಳಿದೇಶದ ಮನೆಗಳಲ್ಲಿ. ಅಲ್ಲಿ ಹೀಟರ್ ಹಾಕಿ ಕೋಣೆಯ ಗಾಳಿ ಒಣಗಿ ಕೂತಿರುತ್ತದೆ, ನೀರು ಚಿಮುಕಿಸದೆ ಗತಿಯಿಲ್ಲ. ಬಳ್ಳಾರಿಯಲ್ಲಾದರೂ ನಡೆಯುತ್ತಿತ್ತು, ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 500 ಮಿ.ಮೀ. ಕಾರವಾರದಲ್ಲಿ ಸುಮಾರು 3000 ಮಿ.ಮೀ. ಬೀಳುತ್ತದೆ, ಅದರ ದೊಡ್ಡ ಪಾಲು ಜೂನ್, ಜುಲೈ, ಆಗಸ್ಟಿನಲ್ಲೇ. ಇಲ್ಲಿ ಆ ತಿಂಗಳುಗಳಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ. ಅಂಥಲ್ಲಿ ತಳದಲ್ಲಿ ಒಂದು ತೂತೂ ಇಲ್ಲದ ಟಬ್ಬಿಗೆ ಬೆಳಿಗ್ಗೆ, ಸಂಜೆ ನೀರು!

ಪರೀಕ್ಷೆಯಲ್ಲಿ ಕಂಡಿದ್ದು

ಹೊಟ್ಟೆ ಕಡೆಯ ಚಿಪ್ಪಿನಲ್ಲಿ ಮೂರು ಕಡೆ ಮೆತ್ತಗಾಗಿತ್ತು. ಒತ್ತಿದರೆ ವಾಸನೆಯ ನೀರು ಬರುತ್ತಿತ್ತು. ಇದು ಚಿಪ್ಪು ಕೊಳೆಯುವ ಕಾಯಿಲೆ. ಒದ್ದೆ, ಕೊಳಕು ನೆಲದ ಮೇಲೆ ಹೊಟ್ಟೆ ಊರಿ ಕೂತಿದ್ದರೆ ಬ್ಯಾಕ್ಟೀರಿಯಾ, ಬೂಸ್ಟು ಬಿಲ್ಲೆಗಳ ಸಂದಿಯಿಂದ ಒಳಗೆ ಇಳಿಯುತ್ತವೆ. ಮೂಗಿನ ಗುಳ್ಳೆ ಉಸಿರಾಟದ ಸೋಂಕು. ಆಮೆಗೆ ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ, ಹಾಗಾಗಿ ಸಣ್ಣ ಶೀತವೂ ಬೇಗ ಎದೆಗೆ ಇಳಿಯುತ್ತದೆ. ಎಕ್ಸ್‌ರೇಯಲ್ಲಿ ಕರುಳಿನ ಉದ್ದಕ್ಕೂ ಮರಳು ಬಿಳಿಯಾಗಿ ಕಾಣುತ್ತಿತ್ತು.

ಮರಳು ಹೊಟ್ಟೆಗೆ ಹೋಗಿದ್ದು ಹೇಗೆ? ನುಗ್ಗೆ ಸೊಪ್ಪು, ದಾಸವಾಳದ ಎಲೆ ಎಲ್ಲವನ್ನೂ ನೇರವಾಗಿ ಮರಳಿನ ಮೇಲೇ ಹಾಕುತ್ತಿದ್ದರು. ಒದ್ದೆ ಎಲೆಗೆ ಮರಳು ಅಂಟುತ್ತದೆ, ಆಮೆ ಎರಡನ್ನೂ ನುಂಗುತ್ತದೆ. ಕ್ಯಾಲ್ಸಿಯಂ ಸಾಲದ ಆಮೆ ಬೇಕೆಂದೇ ಮಣ್ಣು, ಮರಳು ತಿನ್ನುವುದೂ ಉಂಟು. ಸಮುದ್ರದ ಮರಳಿನಲ್ಲಿ ಉಪ್ಪು ಬೇರೆ.

ಟಬ್ಬಿನ ತಳದ ಶಾಖ ಅಳೆದು ಹೇಳಿ ಎಂದಿದ್ದೆ. 24 ಡಿಗ್ರಿ ಇತ್ತು. ಈ ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ ಅಂಕಿ ಇದೇ. ಸಲ್ಕಾಟಾ ಮರಿಗೆ ಶೇಕಡ 70-80ರಷ್ಟು ತೇವದ ಗಾಳಿ ತೊಂದರೆಯಲ್ಲ, ಬೇಕಾದದ್ದೇ. ಅದರ ತವರಾದ, ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಹೇಲ್ ಪ್ರದೇಶದಲ್ಲಿ ಅದು ಸುಡುವ ಹಗಲನ್ನು ಕಳೆಯುವುದು ತಾನೇ ತೋಡಿಕೊಂಡ ಬಿಲದಲ್ಲಿ. ಹೊರಗೆ ಎಲ್ಲ ಒಣಗಿದ್ದರೂ ಬಿಲದ ಒಳಗೆ ತೇವ ಇರುತ್ತದೆ. ಆದರೆ ಆ ತೇವ ಬೆಚ್ಚಗಿರುತ್ತದೆ. 29-30 ಡಿಗ್ರಿಯ ತೇವದಲ್ಲಿ ಚೆನ್ನಾಗಿ ಬೆಳೆಯುವ ಮರಿ, 24 ಡಿಗ್ರಿಯ ಒದ್ದೆಯಲ್ಲಿ ಕಾಯಿಲೆ ಬೀಳುತ್ತದೆ. ಹೊಟ್ಟೆಯ ಕೆಳಗೆ ನೀರು ನಿಂತಿದ್ದರಂತೂ ಕೇಳುವುದೇ ಬೇಡ.

ಚಿಕಿತ್ಸೆಯ ವಿವರ ಇಲ್ಲಿ ಬೇಡ. ಆಂಟಿಬಯಾಟಿಕ್, ದಿನವೂ ಉಗುರುಬೆಚ್ಚನೆ ನೀರಿನಲ್ಲಿ ಕೂರಿಸುವುದು, ಹೊಟ್ಟೆ ಚಿಪ್ಪನ್ನು ಪೊವಿಡೋನ್ ಅಯೋಡಿನ್‌ನಿಂದ ಸ್ವಚ್ಛ ಮಾಡುವುದು, ಇಡೀ ಹೊತ್ತು 29-30 ಡಿಗ್ರಿ ಶಾಖ. ಮರಳು ಮಲದಲ್ಲಿ ನಿಧಾನವಾಗಿ ಹೊರಬಂತು. ಅಷ್ಟೂ ದಿನ ಹಾಸು ಅಂದರೆ ಬರೀ ನ್ಯೂಸ್‌ಪೇಪರ್. ಕಾಯಿಲೆ ಬಿದ್ದ ಆಮೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಣಗಿರುತ್ತದೆ, ದಿನಾ ಬದಲಿಸಬಹುದು, ಮಲದಲ್ಲಿ ಏನು ಬಂತು ಅಂತ ಕಾಣುತ್ತದೆ. ಆದರೆ ಕಾಯಂ ಆಗಿ ಬೇಡ. ಕಾಲು ಜಾರುತ್ತದೆ, ತೋಡಲು ಏನೂ ಇರುವುದಿಲ್ಲ. ತೋಡುವುದೇ ಸ್ವಭಾವವಾದ ಪ್ರಾಣಿ ಸುಮ್ನೆ ಮೂಲೆ ಮೂಲೆ ಕೆರೆಯುತ್ತ ದಿನ ಕಳೆಯುತ್ತದೆ.

ಏನೇನು ಬೇಡ ಅಂದೆ, ಯಾಕೆ

ಗುಣವಾಗುತ್ತ ಬಂದ ಹಾಗೆ ಗಂಡ ಊರಲ್ಲಿ ಸಿಗುವ ಒಂದೊಂದೇ ವಸ್ತುವಿನ ಫೋಟೋ ಕಳಿಸತೊಡಗಿದರು. ಮರದ ಮಿಲ್ಲಿನ ಹೊಟ್ಟು. ಮಿಲ್ಲಿನಲ್ಲಿ ಸಾಗುವಾನಿಯೂ ಇರುತ್ತದೆ, ಅಕೇಶಿಯಾವೂ ಇರುತ್ತದೆ, ಯಾವ ಮರದ ಪುಡಿ ಯಾವುದರಲ್ಲಿ ಬೆರೆತಿದೆಯೋ ಯಾರಿಗೂ ಗೊತ್ತಿಲ್ಲ. ನುಣ್ಣನೆ ಧೂಳು ಕಣ್ಣಿಗೆ, ಶ್ವಾಸಕೋಶಕ್ಕೆ ಹೋಗುತ್ತದೆ. ಆಗಷ್ಟೇ ಉಸಿರಾಟದ ಸೋಂಕಿನಿಂದ ಎದ್ದ ಆಮೆಗೆ ಅದು ಬೇಡವೇ ಬೇಡ. ಭತ್ತದ ಹೊಟ್ಟು ಅಗ್ಗ, ಆದರೆ ಚೂಪು. ನೀರನ್ನು ಹಿಡಿದಿಡುವುದೂ ಇಲ್ಲ. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಕೂಡ ಚೂಪು, ಅದನ್ನು ಕಟ್ಟಡಕ್ಕೇ ಬಿಡೋಣ. ಹಸಿರು ಪ್ಲಾಸ್ಟಿಕ್ ಹುಲ್ಲಿನ ಚಾಪೆ ನೋಡಲು ಚೆಂದ. ಅದರ ಎಳೆಯನ್ನು ಆಮೆ ಕಚ್ಚಿ ನುಂಗುತ್ತದೆ.

ಅಡಿಕೆ ಸಿಪ್ಪೆಯ ಬಗ್ಗೆ ಸ್ವಲ್ಪ ಯೋಚಿಸಬೇಕಾಯಿತು. ಶಿರಸಿ, ಸಿದ್ದಾಪುರದ ಕಡೆ ರಾಶಿ ರಾಶಿ ಬಿದ್ದಿರುತ್ತದೆ. ನಾರಿನಂಶ ಇದೆ, ನೀರು ಬಸಿಯುತ್ತದೆ. ತೊಂದರೆ ಆ ಉದ್ದನೆ ನಾರಿನದ್ದೇ. ಕಾಲಿಗೆ, ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ನುಂಗಿದರೆ ಕರುಳಿನಲ್ಲಿ ಗಂಟು ಕಟ್ಟುತ್ತದೆ. ಮಳೆಗಾಲದಲ್ಲಿ ಬೂಸ್ಟು ಹಿಡಿಯಲು ಎರಡು ದಿನ ಸಾಕು.

ಕೊಕೊಪೀಟ್ ಒಂದನ್ನೇ ಹಾಸಬಹುದಾ ಅಂತ ಕೇಳಿದರು. ಸಾಮಾನ್ಯವಾಗಿ ಎಲ್ಲರೂ ಕೊಡುವ ಉತ್ತರ ಹೌದು. ನಾನು ಕರಾವಳಿಗೆ ಒಪ್ಪುವುದಿಲ್ಲ. ಅದು ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರಿ ಹಿಡಿದಿಡುತ್ತದೆ. ಬಳ್ಳಾರಿಯಲ್ಲಿ ಅದು ಗುಣ, ಕಾರವಾರದ ಜುಲೈನಲ್ಲಿ ಅದೇ ದೋಷ. ಇನ್ನೊಂದು ವಿಷಯ ಉಪ್ಪಿನದ್ದು. ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ, ಉಪ್ಪು ನೀರಿನಲ್ಲಿ ನೆನೆಸಿ ನಾರು ತೆಗೆದಿದ್ದರೆ ಪುಡಿಯಲ್ಲಿ ಉಪ್ಪು ಉಳಿದಿರುತ್ತದೆ. ಒಣಗಿದಾಗ ಮೇಲೆ ಬಿಳಿ ಪೊರೆ ಕಾಣುತ್ತದೆ. ಸಿಹಿ ನೀರಿನಲ್ಲಿ ನೆನೆಸಿ, ಹಿಂಡಿ, ಮತ್ತೆ ನೆನೆಸಿ ತೊಳೆಯಬೇಕು. ನರ್ಸರಿಯಲ್ಲಿ ಬೇವಿನ ಹಿಂಡಿ, ಗೊಬ್ಬರ ಬೆರೆಸಿದ ಕೊಕೊಪೀಟ್ ಇಟ್ಟಿಗೆಗಳೂ ಇರುತ್ತವೆ. ಕೇಳಿ ತರಬೇಕು, ಏನೂ ಬೆರೆಸದ್ದೇ ಬೇಕು.

ಮಣ್ಣಿನಲ್ಲೂ ಆಯ್ಕೆ ಇದೆ. ಕುಮಟಾ, ಅಂಕೋಲಾ ಕಡೆಯ ಗಜನಿ, ಅಂದರೆ ಉಪ್ಪು ನೀರು ನುಗ್ಗುವ ಗದ್ದೆಯ ಮಣ್ಣಿನಲ್ಲಿ ಉಪ್ಪು. ಗದ್ದೆಯ ಜಿಗುಟು ಮಣ್ಣು ಚಿಪ್ಪಿಗೆ ಮೆತ್ತಿಕೊಂಡು ಒಣಗುತ್ತದೆ, ಯೂರಿಯಾ ಬಿದ್ದಿರುವ ಸಂಭವವೂ ಇದೆ. ಗುಡ್ಡದ ಕೆಂಪು ಮಣ್ಣು ಪರವಾಗಿಲ್ಲ. ಅದೊಂದನ್ನೇ ಹಾಸಿದರೆ ಬೇಸಿಗೆಯಲ್ಲಿ ಕಲ್ಲಾಗುತ್ತದೆ, ಮಳೆಗಾಲದಲ್ಲಿ ರಾಡಿ. ಜರಡಿ ಹಿಡಿದು ನಾರಿನ ಪುಡಿ ಸೇರಿಸಿದರೆ ಹದಕ್ಕೆ ಬರುತ್ತದೆ.

ದರಕಿನ ಮಾತು

ಮನೆ ಮಾಲೀಕರ ತಾಯಿ ಶಿರಸಿ ಕಡೆಯವರು, ಹಳ್ಳಿಯಲ್ಲಿ ಕೊಟ್ಟಿಗೆ ನೋಡಿಕೊಂಡೇ ಆಯುಷ್ಯ ಕಳೆದವರು. ಆಮೆಯ ಗೂಡಿನ ಈ ಗಲಾಟೆ ನೋಡಿ, "ಅಷ್ಟೆಲ್ಲ ಯಾಕೆ ತಂಗಿ? ಕೊಟ್ಟಿಗೆಗೆ ದರಕು ಹಾಸ್ತೇವಲ್ಲ, ಹಂಗೇ ಮಾಡು" ಎಂದರಂತೆ. ದರಕು ಅಂದರೆ ಉದುರಿದ ಒಣ ಎಲೆ. ಹೆಂಡತಿ ನಗುತ್ತಲೇ ನನಗೆ ಹೇಳಿದರು. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಮಲೆನಾಡಿನ ಕೊಟ್ಟಿಗೆ ತಲೆಮಾರುಗಳಿಂದ ಬಿಡಿಸಿಕೊಂಡು ಬಂದಿರುವುದು ಇದೇ ಸಮಸ್ಯೆ. ಧೋ ಎನ್ನುವ ಮಳೆ, ನೆಲದಲ್ಲಿ ಒದ್ದೆ, ಅದರ ಮೇಲೆ ಪ್ರಾಣಿಯ ಮೈ ತಾಗದಂತೆ ಇಡುವುದು ಹೇಗೆ? ಮೇಲಿನಿಂದ ಒಣ ಎಲೆಯ ಪದರ ಹಾಕುತ್ತ ಹೋಗುತ್ತಾರೆ. ಒದ್ದೆ ಕೆಳಗೆ ಉಳಿಯುತ್ತದೆ, ಮೈಗೆ ತಾಗುವುದು ಒಣಗಿದ್ದು. ನಮ್ಮ ಆಮೆಗೂ ಬೇಕಾಗಿದ್ದು ಅದೇ ತಾನೇ: ಮೇಲೆ ಒಣ, ಕೆಳಗೆ ತೇವ. ಒಂದೇ ವ್ಯತ್ಯಾಸ. ಕೊಟ್ಟಿಗೆಯ ಹಾಸು ಕೊಳೆತು ಗೊಬ್ಬರವಾಗಲಿ ಅನ್ನುವುದು ಉದ್ದೇಶ. ಆಮೆಯ ಗೂಡಿನಲ್ಲಿ ಕೊಳೆಯುವ ಮೊದಲೇ ತೆಗೆಯಬೇಕು.

ಅಜ್ಜಿ ಸುಮ್ಮನೆ ಕೂರಲಿಲ್ಲ, ಊರಿಂದ ಒಂದು ಚೀಲ ದರಕು ತರಿಸಿಯೇಬಿಟ್ಟರು. ನಾನು ಚೀಲ ಬಿಚ್ಚಿಸಿ ನೋಡಿದೆ. ಕೆಲವು ಎಲೆಗಳ ಮೇಲೆ ತಿಳಿನೀಲಿ ಬಿಳುಪಿನ ಕಲೆ. ಎಲ್ಲಿಂದ ತಂದಿದ್ದು ಅಂತ ಕೇಳಿದರೆ ಅಡಿಕೆ ತೋಟದ ಅಂಚಿನಿಂದ. ಅಡಿಕೆಯ ಕೊಳೆರೋಗ ತಡೆಯಲು ಮಳೆ ಹಿಡಿಯುವ ಮೊದಲು ಒಮ್ಮೆ, ಆಮೇಲೆ ಮತ್ತೊಮ್ಮೆ ತೋಟಕ್ಕೆ ಬೋರ್ಡೋ ಮದ್ದು ಹೊಡೆಯುತ್ತಾರೆ. ಶೇಕಡ 1ರ ಮದ್ದು ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಅಡಿಕೆ ಗೊನೆಯ ಮೇಲೆ ಬಿದ್ದಷ್ಟೇ ನೆಲದ ಎಲೆಯ ಮೇಲೂ ಬೀಳುತ್ತದೆ. ಆಮೆ ಹಾಸಿನ ಎಲೆಯನ್ನು ತಿನ್ನದೆ ಇರುವುದಿಲ್ಲ. ತಾಮ್ರ ಹೊಟ್ಟೆಗೆ ಹೋಗುವುದು ಬೇಡ. ಆ ಚೀಲ ತೆಂಗಿನ ಬುಡಕ್ಕೆ ಹೋಯಿತು.

ಎರಡನೇ ಚೀಲ ಸೊಪ್ಪಿನ ಬೆಟ್ಟದ್ದು, ಅಂದರೆ ತೋಟದವರು ಸೊಪ್ಪು, ದರಕು ತರುವ ಕಾಡಿನದ್ದು. ಅಲ್ಲಿ ಯಾರೂ ಮದ್ದು ಹೊಡೆಯುವುದಿಲ್ಲ. ಆದರೂ ಕಣ್ಣಾಡಿಸಿ ಆರಿಸಬೇಕು. ಹೊಳಗೇರು ಮರದ ಎಲೆ ಇದ್ದರೆ ತೆಗೆಯಬೇಕು. ಅದರ ಸೊನೆ ತಾಗಿ ಮೈ ಬೊಬ್ಬೆ ಎದ್ದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಗೇರಿನ ಎಲೆಯನ್ನೂ ನಾನು ಹಾಕಿಸುವುದಿಲ್ಲ. ಮನೆಯಂಗಳದ ಕಣಗಿಲೆ ಎಲೆ ಒಂದೂ ಬರಬಾರದು, ಅದು ಹೃದಯಕ್ಕೆ ವಿಷ. ಹಲಸಿನ ಎಲೆ, ಮತ್ತಿ ಎಲೆ, ಕಾರವಾರದ ಬೀದಿಗಳಲ್ಲಿ ಉದುರುವ ಬಾದಾಮಿ ಎಲೆ ಒಳ್ಳೆಯದು. ದಪ್ಪಗಿರುತ್ತವೆ, ಬೇಗ ಕರಗುವುದಿಲ್ಲ. ಬಿಸಿಲು ಬಿದ್ದ ದಿನ ಒಣಗಿಸಿ, ಗೋಣಿಚೀಲದಲ್ಲಿ ತುಂಬಿ ಅಡುಗೆಮನೆಯ ಅಟ್ಟದ ಮೇಲೆ ಇಟ್ಟುಕೊಂಡರು. ಈಗ ಮಳೆಗಾಲಕ್ಕೆ ಬೇಕಾದಷ್ಟನ್ನು ಮೇ ತಿಂಗಳಲ್ಲೇ ಮಾಡಿಟ್ಟುಕೊಳ್ಳುತ್ತಾರೆ.

ಕೊನೆಗೆ ಕಟ್ಟಿದ ಗೂಡು

ಜಗಲಿಯಲ್ಲಿ, ಎರಚಲು ಬಡಿಯದ ಮೂಲೆಯಲ್ಲಿ, 6 ಅಡಿ ಉದ್ದ, 4 ಅಡಿ ಅಗಲದ ಮರದ ಪೆಟ್ಟಿಗೆ. ಕೆಳಗೆ ಚಿರೆಕಲ್ಲು ಇಟ್ಟು ನೆಲದಿಂದ ಎತ್ತರಿಸಿದ್ದಾರೆ. ತಳದ ಹಲಗೆಗೆ ತೂತು ಕೊರೆದು, ಒಂದು ಬದಿಗೆ ಸ್ವಲ್ಪ ಇಳಿಜಾರು ಕೊಟ್ಟಿದ್ದಾರೆ.

ತಳದಲ್ಲಿ ಒಡೆದ ಹಂಚಿನ ಚೂರು, ಎರಡು ಬೆರಳು ದಪ್ಪ. ಹಳೆ ಮನೆ ಕಿತ್ತಲ್ಲಿ ಇದು ಬಿಟ್ಟಿ ಸಿಗುತ್ತದೆ. ಅದರ ಮೇಲೆ ಶೇಡ್‌ನೆಟ್, ಆಮೆ ತೋಡುತ್ತ ಹಂಚಿನವರೆಗೆ ಹೋಗದಿರಲಿ ಅಂತ. ನೆಟ್ಟಿನ ಮೇಲೆ ಎರಡು ಪಾಲು ಗುಡ್ಡದ ಮಣ್ಣು, ಒಂದು ಪಾಲು ತೊಳೆದ ನಾರಿನ ಪುಡಿ ಬೆರೆಸಿದ್ದು, ಸುಮಾರು 5 ಇಂಚು. ಹದ ನೋಡುವುದು ಕೈಯಲ್ಲೇ. ಹಿಡಿ ತುಂಬ ತೆಗೆದು ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಬರಬಾರದು. ಮೇಲೆ ಒಣ ದರಕು. ಊಟಕ್ಕೆ ಒಂದು ಕಡಪ ಕಲ್ಲಿನ ತುಂಡು, ಅದರ ಮೇಲೆ ಮಾತ್ರ ಸೊಪ್ಪು. ಕಲ್ಲಿನ ಮೇಲೆ ನಡೆದು ಉಗುರೂ ಸವೆಯುತ್ತದೆ.

ಒಂದು ಮೂಲೆಯಲ್ಲಿ ಉದ್ದಕ್ಕೆ ಸೀಳಿದ ದೊಡ್ಡ ಮಣ್ಣಿನ ಮಡಕೆ ಬೋರಲು ಹಾಕಿದೆ. ಅದು ಬಿಲದ ಬದಲಿಗೆ. ಅದರ ಒಳಗಿನ ನೆಲ ಉಳಿದ ಕಡೆಗಿಂತ ಸ್ವಲ್ಪ ಜಾಸ್ತಿ ತೇವ. ಎದುರು ಮೂಲೆಯಲ್ಲಿ ಬೆಳಕು ಕೊಡದ ಸೆರಾಮಿಕ್ ಹೀಟರ್, ಥರ್ಮೋಸ್ಟಾಟ್ ಜೊತೆಗೆ. ಹಗಲು ಮೈ ಕಾಯಿಸಿಕೊಳ್ಳಲು 35 ಡಿಗ್ರಿಯ ಒಂದು ಜಾಗ, ಬಿಸಿಲಿನ ಅತಿನೇರಳೆ ಕಿರಣದ ಬದಲಿಗೆ ಯುವಿಬಿ ದೀಪ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳುವ ಹಾಗಿಲ್ಲ. ಹಾಗಾಗಿ ಕರೆಂಟ್ ಇಲ್ಲದಾಗ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಮಡಕೆಯ ಪಕ್ಕ ಇಡುತ್ತಾರೆ.

ಪೆಟ್ಟಿಗೆಯ ಮೂಲೆಯಲ್ಲಿ ಮೇಲಿನಿಂದ ಹಂಚಿನ ಪದರದವರೆಗೆ ಇಳಿಯುವ ಒಂದು ಪಿವಿಸಿ ಪೈಪ್ ಇದೆ. ಡಿಸೆಂಬರ್‌ನಿಂದ ಫೆಬ್ರವರಿಯ ತನಕ ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ಒಣ ಗಾಳಿ ಬೀಸುವಾಗ ಈ ಪೈಪಿನಲ್ಲಿ ನೀರು ಹಾಕುತ್ತಾರೆ. ನೀರು ತಳಕ್ಕೆ ಹೋಗುತ್ತದೆ, ಜಾಸ್ತಿಯಾದದ್ದು ತೂತಿನಿಂದ ಬಸಿಯುತ್ತದೆ, ಹಂಚು, ಮಣ್ಣು ಹೀರಿದ ತೇವ ನಿಧಾನವಾಗಿ ಮೇಲೇರುತ್ತದೆ. ಮೇಲಿನ ದರಕು ಒಣಗಿಯೇ ಇರುತ್ತದೆ. ನೀರು ಸಿಂಪಡಿಸುವ ಬಾಟಲಿಯನ್ನು ನಾನು ಪೂರ್ತಿ ಬಿಡಿಸಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಪೈಪಿಗೂ ನೀರಿಲ್ಲ.

ಆಮೇಲೆ ಎದ್ದ ಸಣ್ಣಪುಟ್ಟ ತೊಂದರೆ

ಸೆಪ್ಟೆಂಬರ್‌ನಲ್ಲಿ ದರಕಿನ ಅಡಿಯಲ್ಲಿ ಬಿಳಿ ಬೂಸ್ಟು ಕಂಡಿತು. ವಾರಕ್ಕೊಮ್ಮೆ ಎಲೆ ಬದಲಿಸುತ್ತಿದ್ದರು, ಮಳೆ ಬಿಡದ ದಿನಗಳಲ್ಲಿ ಅದು ಸಾಲದು. ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸಿದ ಮೇಲೆ ನಿಂತಿತು. ಜೊತೆಗೆ ಪೆಟ್ಟಿಗೆಯ ಒಂದು ಪಕ್ಕದ ಹಲಗೆ ಬಿಚ್ಚಿ ಜಾಲರಿ ಹಾಕಿಸಿದೆವು. ಗಾಳಿ ಆಡದ ಗೂಡಿನಲ್ಲಿ ಯಾವ ಹಾಸೂ ನಿಲ್ಲುವುದಿಲ್ಲ.

ಎಲೆ ಇದ್ದಲ್ಲಿ ಇರುವೆ, ಗೆದ್ದಲು ಬರದೆ ಇರುತ್ತವಾ? ಹೆಂಡತಿ ಪೆಟ್ಟಿಗೆಯ ಸುತ್ತ ಇರುವೆ ಚಾಕಿನ ಗೆರೆ ಎಳೆಯಲು ಹೊರಟಿದ್ದರು. ಅದರಲ್ಲಿರುವುದು ಕೀಟನಾಶಕ, ಬೇಡ ಅಂದೆ. ಚಿರೆಕಲ್ಲಿನ ಅಡಿಗೆ ಅಗಲದ ತಟ್ಟೆ ಇಟ್ಟು ನೀರು ತುಂಬಿಸಿದ್ದೇ ಸಾಕಾಯಿತು. ಸೊಳ್ಳೆ ಮೊಟ್ಟೆ ಇಡದ ಹಾಗೆ ಆ ನೀರನ್ನು ಆಗಾಗ ಚೆಲ್ಲುತ್ತಾರೆ. ಜಗಲಿ ಒರೆಸುವ ಫಿನಾಯಿಲ್ ಕೂಡ ಆ ಮೂಲೆಗೆ ಬರುವ ಹಾಗಿಲ್ಲ. ಮಣ್ಣಿನ ಪದರವನ್ನು ಮಳೆಗಾಲ ಮುಗಿದ ಮೇಲೆ ಪೂರ್ತಿ ತೆಗೆದು, ಪೆಟ್ಟಿಗೆಯನ್ನು ತೆಳು ಬ್ಲೀಚಿಂಗ್ ನೀರಿನಿಂದ ತೊಳೆದು, ಬಿಸಿಲಿಗೆ ಒಣಗಿಸಿ ಹೊಸದು ತುಂಬುವುದು ಅಂತ ಮಾಡಿಕೊಂಡಿದ್ದಾರೆ. ಹಳೇ ಮಣ್ಣಿಗೆ ಅಜ್ಜಿಯ ಮಲ್ಲಿಗೆ ಗಿಡ ಕಾದಿರುತ್ತದೆ.

ಹೊಟ್ಟೆ ಚಿಪ್ಪಿನ ಗಾಯದ ಜಾಗದಲ್ಲಿ ಗಟ್ಟಿ ಪದರ ಬಂದಿದೆ. ಗುರುತು ಉಳಿದಿದೆ, ಅದು ಹೋಗುವುದಿಲ್ಲ. ಬಳ್ಳಾರಿಯಲ್ಲಿ ಉಬ್ಬಿದ ಬಿಲ್ಲೆಗಳೂ ಇಳಿಯುವುದಿಲ್ಲ, ಆದರೆ ಅವುಗಳ ಅಂಚಿನಲ್ಲಿ ಹೊಸದಾಗಿ ಬೆಳೆದ ಪಟ್ಟಿ ಸಪಾಟಾಗಿದೆ. ಮುಂದಿನ ಜುಲೈನಲ್ಲಿ ನೋಡಿದಾಗ ತೂಕ 1.4 ಕಿಲೋ ಇತ್ತು. ಅದೇ ಮಳೆ, ಅದೇ ಜಗಲಿ, ಮೂಗು ಒಣಗಿತ್ತು. ಮಡಕೆಯ ಒಳಗಿನ ನೆಲ 28 ಡಿಗ್ರಿ ತೋರಿಸುತ್ತಿತ್ತು.

ಉಳಿದಿರುವ ಪ್ರಶ್ನೆ ಗಾತ್ರದ್ದು. ಸಲ್ಕಾಟಾ ಗಂಡಾದರೆ 50 ಕಿಲೋ ದಾಟಬಹುದು. ಇನ್ನು ಕೆಲವೇ ವರ್ಷದಲ್ಲಿ ಪೆಟ್ಟಿಗೆ ಸಾಲುವುದಿಲ್ಲ, ಅಂಗಳವೇ ಬೇಕು. ಆಗ ಹಾಸು ತಂದು ಸುರಿಯುವ ಮಾತಿಲ್ಲ, ನೆಲವನ್ನೇ ಸಿದ್ಧಮಾಡಬೇಕು. ಚಿರೆಕಲ್ಲಿನ ಗೋಡೆಯನ್ನು ಎರಡು ಅಡಿಯಾದರೂ ನೆಲದೊಳಗೆ ಇಳಿಸಬೇಕು, ಇಲ್ಲದಿದ್ದರೆ ತೋಡಿ ಹೊರಗೆ ಹೋಗುತ್ತದೆ. ಅಂಗಳದ ನೀರು ಚರಂಡಿಗೆ ಹರಿಯುವಂತೆ ಮಣ್ಣು ಏರಿಸಬೇಕು. ಮಳೆಗಾಲದ ನಾಲ್ಕು ತಿಂಗಳಿಗೆ ಮಾಡು (ಸೂರು) ಇರುವ, ಶಾಖ ಇರುವ ಒಂದು ಕೋಣೆ ಬೇಕು. ಬಾಡಿಗೆ ಮನೆಯಲ್ಲಿ ಇದೆಲ್ಲ ಕಷ್ಟ ಅಂತ ಅವರಿಗೂ ಗೊತ್ತಿದೆ. ಸದ್ಯಕ್ಕೆ ಗಂಡ ಮತ್ತೆ ಬಯಲುಸೀಮೆಗೆ ವರ್ಗ ಕೇಳಿದ್ದಾರೆ. ಸಿಕ್ಕಿದರೆ ಮಿಶ್ರಣವನ್ನು ತಿರುವು ಮುರುವು ಮಾಡಿ ಅಂದಿದ್ದೇನೆ: ನಾರಿನ ಪುಡಿ ಎರಡು ಪಾಲು, ಮಣ್ಣು ಒಂದು ಪಾಲು, ಪೈಪಿಗೆ ವರ್ಷವಿಡೀ ನೀರು.